‘ವಾಕಿಂಗ್ ಮಾಡಿ, ಖುಷಿಯಾಗಿರಿ’ ಅಂದ್ರೆ ಸಾಕಾ? ಖಿನ್ನತೆ ಇರೋರಿಗೆ ದಿನಚರಿ, ಮನೆ, ಸಾಲ, ನಿದ್ದೆ ವಿಚಾರದಲ್ಲಿ ಏನು ಹೇಳಬೇಕು?

ಹೊಂಗೆ_ನೆರಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಆಶಾ ಕಾರ್ಯಕರ್ತೆಯರಿಗೆ ಮತ್ತು ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳಿಗೆ ಅರ್ಧ ದಿನದ ತರಬೇತಿ ಇದೆ. ವಿಷಯ, ದೊಡ್ಡವರಲ್ಲಿ ಕಾಣೋ ಖಿನ್ನತೆ ಮತ್ತು ಜೀವನಶೈಲಿ. ಕೈಯಲ್ಲಿರೋ ಟಿಪ್ಪಣಿಯಲ್ಲಿ ಬರೆದಿರೋದು ಇಷ್ಟೇ: ನಿಯಮಿತ ವ್ಯಾಯಾಮ, ಪೌಷ್ಟಿಕ ಆಹಾರ, ಒಳ್ಳೆ ನಿದ್ದೆ, ಸಕಾರಾತ್ಮಕ ಚಿಂತನೆ. ಇದನ್ನೇ ಓದಿ ಹೇಳಿದ್ರೆ ಕೇಳೋರು ತಲೆ ಆಡಿಸಿ ಎದ್ದು ಹೋಗ್ತಾರೆ, ಯಾರ ಮನೇಲೂ ಏನೂ ಬದಲಾಗಲ್ಲ.

ತಿಳಿದವರಿಂದ ನಾಲ್ಕು ವಿಚಾರ ಬೇಕು. ಖಿನ್ನತೆ ಜೊತೆ ಗಟ್ಟಿ ನಂಟು ಇರೋ ಸಂಗತಿಗಳು ಯಾವುವು, ಬರೀ ಬಾಯಿಮಾತು ಯಾವುದು? ಹಾಸಿಗೆ ಬಿಟ್ಟು ಏಳೋಕೂ ಮನಸ್ಸಿಲ್ಲದವರಿಗೆ ಮೊದಲನೇ ವಾರ ಏನು ಹೇಳಬೇಕು, ಎಷ್ಟು ನಿಮಿಷ? ಸಾಲ, ಕುಡಿತ, ಮನೆಯೊಳಗಿನ ಹೊಡೆತ ಬಡಿತ ಇವನ್ನೂ ‘ಜೀವನಶೈಲಿ’ ಅಂತ ಕರೆದು ದಾಟಿಸಿಬಿಡಬಹುದಾ? ಯಾವ ಹಂತದಲ್ಲಿ ಸಲಹೆ ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು? ಅಂಕಿ ಅಂಶ ಇದ್ರೆ ಒಳ್ಳೇದು. ಆದರೆ ಮುಖ್ಯವಾಗಿ ನಾಳೆ ಬೆಳಗ್ಗೆಯಿಂದ ಮಾಡಬಹುದಾದ್ದು ಬೇಕು.

ತುಂಗಾತೀರ:

ಆ ಟಿಪ್ಪಣಿಯಲ್ಲಿ ಸುಳ್ಳೇನೂ ಇಲ್ಲ. ಖಿನ್ನತೆ ಇರೋರು ಆ ಮಾತನ್ನ ಪಾಲಿಸೋಕೆ ಆಗಲ್ಲ ಅನ್ನೋದೇ ಅದರ ಕುಂದು. ಖಿನ್ನತೆಯ ಎರಡು ಮೂಲ ಲಕ್ಷಣ ಅಂದ್ರೆ ಬಿಡದೆ ಕಾಡೋ ಬೇಜಾರು, ಮತ್ತೆ ಮೊದಲು ಇಷ್ಟವಾಗಿದ್ದರಲ್ಲೂ ಆಸಕ್ತಿ ಸತ್ತುಹೋಗೋದು. ‘ಮನಸ್ಸು ಬಂದಾಗ ವಾಕಿಂಗ್ ಹೋಗಿ’ ಅಂದ್ರೆ ಆ ಮನಸ್ಸು ಬರೋದೇ ಇಲ್ಲ. ಹಾಗಾಗಿ ಲೆಕ್ಕ ತಿರುಗಿಸಬೇಕು: ಕೆಲಸ ಮೊದಲು, ಮನಸ್ಸು ಆಮೇಲೆ. ತರಬೇತಿಯಲ್ಲಿ ಈ ಒಂದು ವಿಷಯ ತಲೆಗೆ ಹೋದರೂ ಅರ್ಧ ದಿನ ದಂಡ ಆಗಲ್ಲ.

ಇದಕ್ಕೆ ಪಕ್ಕದ ಗೋವಾದಲ್ಲೇ ಪುರಾವೆ ಇದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆಪ್ತಸಮಾಲೋಚನೆ ಕೊಟ್ಟರು. ಒಬ್ಬೊಬ್ಬರಿಗೆ 6ರಿಂದ 8 ಭೇಟಿ, ಪ್ರತಿ ಭೇಟಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ. ವಿಷಯ ಇದೇ, ಚಟುವಟಿಕೆ ಹೆಜ್ಜೆ ಹೆಜ್ಜೆಯಾಗಿ ಮರಳಿ ತರೋದು. 495 ಜನರ ಮೇಲೆ ನಡೆದ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ ಈ ಸಮಾಲೋಚನೆ ಸಿಕ್ಕವರಲ್ಲಿ 64% ಜನ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ 39%. ಅಲ್ಲಿದ್ದವರು ತೀವ್ರ ಮಟ್ಟದ ಖಿನ್ನತೆ ಇದ್ದವರು ಅನ್ನೋದನ್ನ ಗಮನಿಸಿ. ಆಶಾ ಅಕ್ಕಂದಿರಿಗೆ ಇದು ಕೈಗೆಟುಕದ ವಿದ್ಯೆ ಅಲ್ಲ.

ಮಾಡೋ ಕ್ರಮ ಹೇಳ್ತೀನಿ. ಮೊದಲ ಮೂರು ನಾಲ್ಕು ದಿನ ಏನನ್ನೂ ಬದಲಿಸೋ ಹಾಗಿಲ್ಲ, ಬರೀ ಗಮನಿಸೋದು. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಾಲ್ಕು ಗೀಟು: ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಮಾಡಿದ್ದೇನು, ಮನಸ್ಸಿನ ಭಾರ 10ಕ್ಕೆ ಎಷ್ಟು ಅಂತ ಬರೀಬೇಕು. ಓದು ಬರಹ ಬಾರದಿದ್ರೆ ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಒಂದು ಗೀಟು ಅಂದ್ರೆ ಪರವಾಗಿಲ್ಲ, ಎರಡು ಗೀಟು ಅಂದ್ರೆ ಭಾರ, ಮೂರು ಅಂದ್ರೆ ತಡೆಯೋಕಾಗಲಿಲ್ಲ. ನಾಲ್ಕು ದಿನಕ್ಕೇ ಒಂದು ಚಿತ್ರ ಎದ್ದು ಕಾಣುತ್ತೆ. ಗಂಡ ಮಕ್ಕಳು ಹೊರಟ ಮೇಲೆ 10ರಿಂದ 12 ಗಂಟೆವರೆಗೆ ಒಬ್ಬರೇ ಮಲಗಿದ್ದಾಗ ಭಾರ 8, ಪಕ್ಕದ ಮನೆಯವರ ಜೊತೆ ಜಗಲಿ ಮೇಲೆ ಹೂ ಕಟ್ಟುವಾಗ 5. ನಮಗೆ ಬೇಕಾದ ಸುಳಿವು ಆ ಮೂರು ಅಂಕದ ವ್ಯತ್ಯಾಸದಲ್ಲಿದೆ.

ಆಮೇಲೆ ಎರಡು ಕೆಲಸ ಆರಿಸಿ. ಎರಡಕ್ಕಿಂತ ಜಾಸ್ತಿ ಬೇಡ. ಒಂದು ಮನಸ್ಸಿಗೆ ಸ್ವಲ್ಪ ಹಗುರ ಅನಿಸೋದು, ಇನ್ನೊಂದು ‘ಅಬ್ಬಾ, ಮುಗಿಸಿದೆ’ ಅನಿಸೋದು. ಕೆಲಸದ ಅಳತೆಯಲ್ಲೇ ಹೆಚ್ಚಿನವರು ಎಡವೋದು. ‘ಮನೆ ಕ್ಲೀನ್ ಮಾಡ್ತೀನಿ’ ದೊಡ್ಡದಾಯ್ತು, ‘ಅಡುಗೆಮನೆ’ ಅಂದರೂ ದೊಡ್ಡದೇ. ‘ಕಾಫಿ ಕುಡಿದ ಮೇಲೆ ಒಲೆಕಟ್ಟೆ ಒರೆಸ್ತೀನಿ’ ಅನ್ನೋದು ಸರಿಯಾದ ಅಳತೆ. ಐದು ನಿಮಿಷದಲ್ಲಿ ಮುಗೀಬೇಕು, ಈಗಾಗಲೇ ದಿನಾ ನಡೆಯೋ ಒಂದು ಕೆಲಸದ ಬಾಲಕ್ಕೆ ಅಂಟಿಸಿರಬೇಕು, ಯಾವಾಗ ಎಲ್ಲಿ ಯಾರ ಜೊತೆ ಅನ್ನೋದು ಮೊದಲೇ ಗೊತ್ತಾಗಿರಬೇಕು. ‘ನಾಳೆಯಿಂದ ನೋಡ್ತೀನಿ’ ಅಂದ್ರೆ ಯೋಜನೆ ಇನ್ನೂ ಆಗಿಲ್ಲ ಅಂತ ತಿಳ್ಕೊಳ್ಳಿ. ‘ನಾಳೆ ಹಾಲಿನ ಡೈರಿಗೆ ನಾನೇ ಹೋಗ್ತೀನಿ, ಬರ್ತಾ ಅತ್ತಿಗೆ ಮನೆ ಬಾಗಿಲಲ್ಲಿ ಎರಡು ನಿಮಿಷ ನಿಲ್ತೀನಿ’ ಅಂದ್ರೆ ಆಯ್ತು.

ತಪ್ಪಿದ ದಿನ ಏನು ಮಾಡಬೇಕು ಅನ್ನೋದನ್ನೂ ಶುರುವಿನಲ್ಲೇ ಹೇಳಿಡಿ. ಖಿನ್ನತೆ ಇರೋರು ಒಂದು ದಿನ ತಪ್ಪಿಸಿದ್ರೆ ‘ನನ್ನ ಕೈಲಿ ಇಷ್ಟೂ ಆಗಲ್ಲ’ ಅಂತ ತಮ್ಮ ಮೇಲೇ ತೀರ್ಪು ಕೊಟ್ಟುಕೊಂಡು ಪೂರ್ತಿ ಬಿಟ್ಟುಬಿಡ್ತಾರೆ. ತಪ್ಪಿದ್ರೆ ಕೆಲಸವನ್ನ ಅರ್ಧ ಮಾಡಿ, ಬಿಡಬೇಡಿ. ಮನೆಯವರಿಗೂ ಒಂದು ಮಾತು: ‘ಮಾಡಿದ್ಯಾ? ಇನ್ನೂ ಮಾಡಿಲ್ವಾ?’ ಅಂತ ದಿನಾ ತನಿಖೆ ನಡೆಸಿದ್ರೆ ಅದೂ ಒಂದು ಪರೀಕ್ಷೆ ಆಗಿಹೋಗುತ್ತೆ. ಕೇಳೋ ಬದಲು ಜೊತೆಗೆ ಎದ್ದು ಹೊರಡೋದು ಎಷ್ಟೋ ಮೇಲು.

ಇನ್ನು ವ್ಯಾಯಾಮದ ಲೆಕ್ಕ. 1,90,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಮಾಡಿ ನೋಡಿದ 2022ರ ವಿಶ್ಲೇಷಣೆಯಲ್ಲಿ, ವಾರಕ್ಕೆ ಎರಡೂವರೆ ಗಂಟೆ ಬಿರುಸು ನಡಿಗೆಯಷ್ಟು ಚಟುವಟಿಕೆ ಇದ್ದವರಲ್ಲಿ, ಏನೂ ಮಾಡದವರಿಗಿಂತ ಖಿನ್ನತೆಯ ಸಾಧ್ಯತೆ 25% ಕಡಿಮೆ ಕಂಡಿತು. ಅದರ ಅರ್ಧದಷ್ಟು ಮಾಡಿದವರಲ್ಲೂ 18% ಕಡಿಮೆ. ಅಂದ್ರೆ ಹೆಚ್ಚಿನ ಲಾಭ ಮೊದಲ ಅರ್ಧದಲ್ಲೇ ಬಂದುಬಿಡುತ್ತೆ. ದಿನಕ್ಕೆ 10–11 ನಿಮಿಷ. ಇದು ನಂಟು ತೋರಿಸೋ ಲೆಕ್ಕ, ಚಿಕಿತ್ಸೆಯ ಲೆಕ್ಕ ಬೇರೆ. ಚಿಕಿತ್ಸೆಯಾಗಿ ವ್ಯಾಯಾಮವನ್ನ ನೋಡಿದ 218 ಅಧ್ಯಯನಗಳನ್ನ 2024ರಲ್ಲಿ ಒಟ್ಟಿಗೆ ತೂಗಿದಾಗ ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತೋ ವ್ಯಾಯಾಮ ಮುಂದೆ ಬಂದವು. ಮೊದಲ ವಾರಕ್ಕೆ ಇದ್ಯಾವುದನ್ನೂ ಹೇಳೋಕೆ ಹೋಗಬೇಡಿ. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರೋದು, ಮೂರನೇ ದಿನ ಬೀದಿಯ ಕೊನೆಯವರೆಗೆ. ಸಾಕು.

ಅರಳಿಕಟ್ಟೆ:

ತುಂಗಾತೀರ ಅವರು ಹೇಳಿದ್ದಕ್ಕೆ ಒಂದು ಸೇರಿಸಲೇಬೇಕು, ಹಳ್ಳಿಯಲ್ಲಿ ಕೆಲಸ ಮಾಡೋರಿಗೆ ಇದು ತುಂಬಾ ಮುಖ್ಯ. ಬೆಳಗ್ಗೆಯಿಂದ ಸಂಜೆವರೆಗೆ ಗದ್ದೆಯಲ್ಲಿ ನಾಟಿ ಮಾಡಿ ಬಂದ ಹೆಂಗಸಿಗೆ ‘ದಿನಾ ವಾಕಿಂಗ್ ಮಾಡಮ್ಮ’ ಅಂತ ಹೇಳಬೇಡಿ. ಬಿಡುವಿನ ಹೊತ್ತಲ್ಲಿ ಇಷ್ಟಪಟ್ಟು ಮಾಡೋ ಚಟುವಟಿಕೆಗೆ ಮನಸ್ಸಿನ ಆರೋಗ್ಯದ ಜೊತೆ ಒಳ್ಳೆ ನಂಟಿದೆ. ಹೊಟ್ಟೆಪಾಡಿನ ಮೈದುಡಿತಕ್ಕೆ ಆ ನಂಟು ಕಂಡಿಲ್ಲ, ಕೆಲವು ಕಡೆ ಉಲ್ಟಾನೇ ಕಂಡಿದೆ. ಮೈ ದಣಿದವರಿಗೆ ಕೊಡಬೇಕಾದ್ದು ಅರ್ಧ ಗಂಟೆ ಯಾರೂ ಕರೆಯದ ಬಿಡುವು. ಭಜನೆಯೋ ಸಂಘದ ಸಭೆಯೋ ಕಟ್ಟೆ ಮೇಲೆ ಕೂತು ಮಾತೋ, ಅವರೇ ಆರಿಸಿಕೊಳ್ಳಲಿ. ನಡಿಗೆಯ ಸಲಹೆ ದಿನವಿಡೀ ಕೂತಿರೋರಿಗೆ: ಹೊಲಿಗೆ ಮಿಷನ್ ಮುಂದೆ, ಬೀಡಿ ಕಟ್ಟೋ ಮೊರದ ಮುಂದೆ, ಕಂಪ್ಯೂಟರ್ ಮುಂದೆ, ಅಂಗಡಿ ಗಲ್ಲಾದಲ್ಲಿ.

ಕೆಂಪುಗುಬ್ಬಿ:

ನಿದ್ದೆ ಬಗ್ಗೆ ಬರೀತೀನಿ. ಎಲ್ಲರೂ ಇದನ್ನ ಖಿನ್ನತೆಯ ಲಕ್ಷಣ ಅಂತ ಮಾತ್ರ ನೋಡ್ತಾರೆ. ಖಿನ್ನತೆ ಇಲ್ಲದ, ಆದರೆ ನಿದ್ರಾಹೀನತೆ ಇರೋ ಜನರನ್ನ ಕೆಲವು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳನ್ನ ಒಟ್ಟು ಸೇರಿಸಿದಾಗ, ಅವರಿಗೆ ಮುಂದೆ ಖಿನ್ನತೆ ಬರೋ ಸಾಧ್ಯತೆ ಸುಮಾರು ಎರಡು ಪಟ್ಟು ಕಂಡಿದೆ. ನಿದ್ದೆಯೇ ಮೊದಲು ಕೆಟ್ಟು, ಮನಸ್ಸು ಅದರ ಹಿಂದೆ ಹೋಗೋದೂ ಉಂಟು. ಹಾಗಾಗಿ ನಿದ್ದೆ ಸರಿಪಡಿಸೋದು ಪಕ್ಕದ ಕೆಲಸ ಅಲ್ಲ.

‘ಬೇಗ ಮಲಗಿ’ ಅನ್ನೋ ಸಲಹೆ ಇದರಲ್ಲಿ ತುಂಬಾ ಹಾನಿ ಮಾಡುತ್ತೆ. ನಿದ್ದೆ ಬರದವರು 9 ಗಂಟೆಗೇ ಹಾಸಿಗೆಗೆ ಹೋಗಿ 1 ಗಂಟೆವರೆಗೆ ಹೊರಳಾಡಿದ್ರೆ, ಆ ಹಾಸಿಗೆ ಅಂದ್ರೇನೇ ಚಿಂತೆ ಮಾಡೋ ಜಾಗ ಅಂತ ಮೈಗೆ ಅಭ್ಯಾಸ ಆಗಿಬಿಡುತ್ತೆ. ಇದನ್ನ ಬಿಡಿಸಬೇಕು. ಏಳೋ ಹೊತ್ತನ್ನ ಗಟ್ಟಿ ಮಾಡಿ, ಮಲಗೋ ಹೊತ್ತನ್ನಲ್ಲ. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿರಲಿ, ಭಾನುವಾರವೇ ಇರಲಿ, 6 ಅಂದ್ರೆ 6ಕ್ಕೇ ಎದ್ದು ಹೊರಗಿನ ಬೆಳಕಿಗೆ ಬರಬೇಕು. ಕಣ್ಣು ಎಳೆಯೋಕೆ ಶುರುವಾದ ಮೇಲೇ ಹಾಸಿಗೆಗೆ ಹೋಗೋದು. ಅಂದಾಜು 20 ನಿಮಿಷದಲ್ಲಿ ನಿದ್ದೆ ಹತ್ತದಿದ್ರೆ ಎದ್ದು ಬೇರೆ ಕಡೆ ಕೂರಬೇಕು, ಮಂದ ಬೆಳಕಲ್ಲಿ, ಬಟ್ಟೆ ಮಡಿಸೋ ಥರದ ಬೇಸರದ ಕೆಲಸ ಮಾಡ್ತಾ. ಗಡಿಯಾರ ನೋಡಬಾರದು, 20 ನಿಮಿಷ ಅಂದಾಜಿನದ್ದೇ. ನಿದ್ದೆ ಎಳೆದಾಗ ಮತ್ತೆ ಹಾಸಿಗೆ. ಒಂದೇ ರಾತ್ರಿಯಲ್ಲಿ ನಾಲ್ಕು ಸಲ ಏಳಬೇಕಾದ್ರೂ ಏಳಬೇಕು.

ಮೊದಲ ವಾರ ಹಗಲಲ್ಲಿ ಸುಸ್ತು ಜಾಸ್ತಿ ಆಗುತ್ತೆ, ಇದನ್ನ ಮೊದಲೇ ಹೇಳಿಡದಿದ್ರೆ ಮೂರನೇ ದಿನಕ್ಕೆ ಬಿಡ್ತಾರೆ. ಮಧ್ಯಾಹ್ನ ತಡೆಯೋಕೇ ಆಗದಿದ್ರೆ 3 ಗಂಟೆಯೊಳಗೆ 20 ನಿಮಿಷ ಮಲಗಿ ಏಳಲಿ. ಮಧ್ಯಾಹ್ನದ ಊಟ ಆದ ಮೇಲೆ ಕಾಫಿ, ಟೀ ಬೇಡ. ಎರಡು ಕಡೆ ಮಾತ್ರ ಎಚ್ಚರಿಕೆ ಬೇಕು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನೋ ಹಾಗೆ ದಿನಗಟ್ಟಲೆ ಅತಿ ಉತ್ಸಾಹ, ಅತಿ ಮಾತು, ಅತಿ ಖರ್ಚು ಇದ್ದವರಿಗೆ ನಿದ್ದೆ ಕಡಿಮೆ ಮಾಡೋ ಯಾವ ಕ್ರಮವನ್ನೂ ವೈದ್ಯರನ್ನ ಕೇಳದೆ ಹೇಳಬೇಡಿ, ಅದು ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಎರಡೂ ಬಂದುಹೋಗೋ ಕಾಯಿಲೆ) ಇರಬಹುದು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿದ ಹಾಗಾಗೋರನ್ನೂ ವೈದ್ಯರ ಹತ್ತಿರ ಕಳಿಸಿ.

ರಾತ್ರಿ ಪಾಳಿಯವರದ್ದು ಬೇರೆ ಕಥೆ. ಗಾರ್ಮೆಂಟ್ಸ್, ಸೆಕ್ಯೂರಿಟಿ, ಆಸ್ಪತ್ರೆ, ಕಾಲ್ ಸೆಂಟರ್, ಇವರಿಗೆ 6 ಗಂಟೆಗೆ ಏಳಿ ಅನ್ನೋಕಾಗಲ್ಲ. ಪಾಳಿ ಬದಲಾದ್ರೂ ಕೈಬಿಡದ ನಾಲ್ಕು ಗಂಟೆಯ ನಿದ್ದೆಯನ್ನ ಗುರುತು ಮಾಡಿಕೊಳ್ಳಲಿ, ಉದಾಹರಣೆಗೆ ಬೆಳಗ್ಗೆ 8ರಿಂದ 12. ಉಳಿದದ್ದು ಹಿಂದೆ ಮುಂದೆ ಆಗಬಹುದು. ಕಿಟಕಿಗೆ ದಪ್ಪ ಬಟ್ಟೆ, ಮನೆಗೆ ಬರೋ ದಾರಿಯಲ್ಲಿ ಕಪ್ಪು ಕನ್ನಡಕ, ಬಾಗಿಲಿಗೆ ‘ಮಲಗಿದ್ದಾರೆ’ ಅನ್ನೋ ಚೀಟಿ. ಚೀಟಿ ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಗಲು ಮಲಗೋರನ್ನ ಎಬ್ಬಿಸೋದು ಹೆಚ್ಚಾಗಿ ಕಾಲಿಂಗ್ ಬೆಲ್ಲೇ.

ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರೋ ಅಲ್ಪ್ರಝೋಲಾಂ ಥರದ ನಿದ್ದೆ ಮಾತ್ರೆ ಬಗ್ಗೆ ತರಬೇತಿಯಲ್ಲಿ ಬಿಡಿಸಿ ಹೇಳಿ. ಅದು ಖಿನ್ನತೆಯ ಔಷಧಿ ಅಲ್ಲ, ಕೆಲವೇ ವಾರದಲ್ಲಿ ಅಭ್ಯಾಸ ಹತ್ತಿಸುತ್ತೆ. ತುಂಬಾ ದಿನ ತಗೊಂಡಿದ್ದು ದಿಢೀರನೆ ಬಿಟ್ರೆ ನಡುಕ, ಫಿಟ್ಸ್ ಕೂಡ ಬರಬಹುದು. ವೈದ್ಯರ ಕೈಯಲ್ಲೇ ಇಳಿಸಬೇಕು.

ಹೊಂಗೆ_ನೆರಳು:

ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಒಲೆಕಟ್ಟೆಯ ಉದಾಹರಣೆಯನ್ನ ಹಾಗೇ ತಗೋತೀವಿ. ಸಾಲ, ಜಗಳದ ವಿಷಯಕ್ಕೆ ಯಾರಾದ್ರೂ ಬರೀರಿ. ಜೊತೆಗೆ ಇನ್ನೊಂದು: ಖಿನ್ನತೆ ಇದೆಯಾ ಅಂತ ಕೇಳೋ ಮಾತು ಕನ್ನಡದಲ್ಲಿ ಹೇಗಿರಬೇಕು? ‘ನಿಮಗೆ ಖಿನ್ನತೆ ಇದೆಯಾ’ ಅಂದ್ರೆ ಎಲ್ಲರೂ ಇಲ್ಲ ಅಂತಾರೆ.

ಹಳೇಬೇರು:

ಕೇಳೋ ಮಾತಿನಿಂದಲೇ ಶುರು ಮಾಡ್ತೀನಿ. ನಮ್ಮ ಕಡೆ ಖಿನ್ನತೆ ಬಾಗಿಲು ತಟ್ಟೋದು ಮೈ ಮೂಲಕ. ಸುಸ್ತು, ಮೈಕೈ ನೋವು, ತಲೆಭಾರ, ಎದೆ ಹಿಡಿದ ಹಾಗೆ, ಹೊಟ್ಟೆ ಉರಿ. ಅಲ್ಲಿಂದಲೇ ಒಳಗೆ ಹೋಗಿ: ‘ಈ ಸುಸ್ತು ಎಷ್ಟು ದಿನದಿಂದ ಅಕ್ಕ? ಎರಡು ವಾರದಿಂದ ಯಾವ ಕೆಲಸಕ್ಕೂ ಮನಸ್ಸು ಹೋಗ್ತಿಲ್ವಾ? ಮೊದಲು ಖುಷಿ ಕೊಡ್ತಿದ್ದ ವಿಷಯ ಈಗ ಬೇಡ ಅನ್ಸುತ್ತಾ? ಬೇಜಾರು ಹೆಚ್ಚೂಕಮ್ಮಿ ದಿನಾ ಇರುತ್ತಾ?’ ಬೇಜಾರು, ಆಸಕ್ತಿ ಈ ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಖಿನ್ನತೆ ಅಳೆಯೋ ಪಿಎಚ್‌ಕ್ಯೂ–9 ಅನ್ನೋ ಪ್ರಶ್ನಾವಳಿಗೆ ಹೋಗಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. 5ರಿಂದ 9 ಬಂದ್ರೆ ಸೌಮ್ಯ, 10ರಿಂದ ಮಧ್ಯಮ, 15ರಿಂದ ಮೇಲೆ ಹೋದಷ್ಟೂ ತೀವ್ರ. 10 ಅಥವಾ ಹೆಚ್ಚು ಬಂದವರನ್ನ ವೈದ್ಯರು ನೋಡಲೇಬೇಕು.

ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬಗ್ಗೆ. ಅದನ್ನ ನುಂಗಿಬಿಡೋರೇ ಜಾಸ್ತಿ. ಕೇಳಿದ್ರೆ ಆ ಯೋಚನೆಯನ್ನ ನಾವೇ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋ ಭಯ ತಪ್ಪು. ಕೇಳಿದಾಗ ಬಹಳ ಜನ ಹಗುರ ಆಗ್ತಾರೆ. ‘ಇಷ್ಟು ಕಷ್ಟದಲ್ಲಿ ಬದುಕೋದೇ ಬೇಡ ಅನ್ಸಿದ್ದುಂಟಾ?’ ಅಂತ ಮೆಲ್ಲಗೆ, ನೇರವಾಗಿ ಕೇಳಿ. ಹೌದು ಅಂದ್ರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಕಳಿಸಬೇಕು. ಒಬ್ಬರನ್ನೇ ಬಿಡಬಾರದು, ಮನೆಯಲ್ಲಿರೋ ಕ್ರಿಮಿನಾಶಕ, ಮಾತ್ರೆ ಡಬ್ಬಿ ಬೇರೆಯವರ ವಶಕ್ಕೆ ಹೋಗಬೇಕು. ಹಗಲು ರಾತ್ರಿ ಯಾವಾಗ ಬೇಕಾದ್ರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೀತಿದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಈಗ ಸಾಮಾಜಿಕ ಕಾರಣಗಳು. ಇವನ್ನ ಜೀವನಶೈಲಿ ಅಂತ ಕರೀಬೇಡಿ ಅಂತ ಕೈಮುಗಿದು ಕೇಳ್ತೀನಿ. ಶೈಲಿ ಅಂದ್ರೆ ಆರಿಸಿಕೊಂಡದ್ದು. ಗಂಡನ ಹೊಡೆತವನ್ನ ಯಾರೂ ಆರಿಸಿಕೊಂಡಿರಲ್ಲ.

1970ರ ದಶಕದಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಮನೆ ಮನೆಗೆ ಹೋಗಿ ಹೆಂಗಸರನ್ನ ಮಾತಾಡಿಸಿದ್ರು. ದೊಡ್ಡ ಕಷ್ಟ ಬಂದವರೆಲ್ಲ ಖಿನ್ನತೆಗೆ ಬೀಳಲ್ಲ, ಯಾರು ಬೀಳ್ತಾರೆ ಅನ್ನೋದು ಅವರ ಪ್ರಶ್ನೆ. ಉತ್ತರದಲ್ಲಿ ಎದ್ದು ಕಂಡದ್ದು: ಮನಸ್ಸು ಬಿಚ್ಚಿ ಮಾತಾಡೋಕೆ ಒಬ್ಬರೂ ಇಲ್ಲದಿರೋದು, ಮನೆ ತುಂಬ ಚಿಕ್ಕ ಮಕ್ಕಳು, ಮನೆಯಾಚೆ ಕೆಲಸ ಇಲ್ಲದಿರೋದು, ತಾನು ಸಣ್ಣವಳಿದ್ದಾಗಲೇ ತಾಯಿಯನ್ನ ಕಳಕೊಂಡಿರೋದು. 2020ರಲ್ಲಿ ಬ್ರಿಟನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಬದಲಾಯಿಸಬಹುದಾದ ನೂರಕ್ಕೂ ಹೆಚ್ಚು ಅಂಶಗಳನ್ನ ತೂಗಿ ನೋಡಿದಾಗಲೂ, ಖಿನ್ನತೆಯಿಂದ ಕಾಯೋದರಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಇದೇ, ಇನ್ನೊಬ್ಬರ ಹತ್ತಿರ ಮನಸ್ಸಿನ ಮಾತು ಹೇಳಿಕೊಳ್ಳೋದು. ಐವತ್ತು ವರ್ಷದ ಅಂತರದಲ್ಲಿ, ಬೇರೆ ಬೇರೆ ವಿಧಾನದಲ್ಲಿ, ಅದೇ ಉತ್ತರ.

ಹಾಗಾಗಿ ಪ್ರತಿ ಭೇಟಿಯಲ್ಲಿ ಒಂದು ಪ್ರಶ್ನೆ ಖಾಯಂ ಇರಲಿ: ‘ಕಷ್ಟ ಬಂದ್ರೆ ಯಾರ ಹತ್ರ ಹೇಳ್ಕೋತೀರಿ?’ ‘ಎಲ್ಲರೂ ಇದ್ದಾರೆ’ ಅಂದ್ರೆ ಯಾರೂ ಇಲ್ಲ ಅಂತ ಅರ್ಥ ಇರಬಹುದು, ಹೆಸರು ಕೇಳಿ. ‘ಕೊನೇ ಸಲ ಯಾವಾಗ ಹೇಳ್ಕೊಂಡ್ರಿ?’ ಅಂತ ಕೇಳಿ. ಹೆಸರೇ ಬರದಿದ್ರೆ ಮೊದಲ ಕೆಲಸ ವ್ಯಾಯಾಮ ಅಲ್ಲ, ಆ ಒಂದು ಹೆಸರನ್ನ ಹುಡುಕೋದು. ತವರಿನ ಅಕ್ಕನಿಗೆ ವಾರಕ್ಕೆರಡು ಸಲ ಫೋನು ಅಂತ ದಿನ ಗೊತ್ತು ಮಾಡೋದೂ ಆಗುತ್ತೆ. ಫೋನು ಗಂಡನ ಕೈಯಲ್ಲಿ ಮಾತ್ರ ಇರೋ ಮನೆ ಇನ್ನೂ ಇವೆ, ಅಲ್ಲಿ ಸಂಘದ ವಾರದ ಸಭೆಯೇ ದಾರಿ. ಸಂಘದಲ್ಲಿ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಮಾತಿಗೆ ಬಿಡಿ. ಕಂತಿನ ಲೆಕ್ಕಕ್ಕೂ ಮುಂಚೆ ಬೇಡ, ದುಡ್ಡು ತರಲಾಗದವರು ಮುಖ ತಗ್ಗಿಸಿಕೊಂಡು ಕೂತಿರ್ತಾರೆ.

ಸಾಲದ ವಿಷಯ. ಸಾಲ ಇರೋದಕ್ಕಿಂತ ವಸೂಲಿಯ ಅವಮಾನ ಜನರನ್ನ ಜಾಸ್ತಿ ಕುಗ್ಗಿಸುತ್ತೆ. ಇದಕ್ಕೆ ಸಮಾಧಾನದ ಮಾತಿಗಿಂತ ನಿಯಮ ತಿಳಿಸೋದು ಉಪಯೋಗ. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲಿ ಹೀಗಿದೆ: ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತು ಬೀಳೋ ಹಾಗೆ ಸಾಲ ಕೊಡುವಂತಿಲ್ಲ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಕಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು, ಅಲ್ಲಿಗೆ ಸತತ ಎರಡು ಸಲ ಬರದಿದ್ರೆ ಮಾತ್ರ ಮನೆಗೆ ಬರಬಹುದು. ನೆಂಟರಿಗೆ, ನೆರೆಯವರಿಗೆ ಫೋನ್ ಮಾಡಿ ಮಾನ ಕಳೆಯೋದು ನಿಷಿದ್ಧ. ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲದ ಬಲವಂತದ ವಸೂಲಿ ವಿರುದ್ಧ ಕಾನೂನೇ ಬಂದಿದೆ, ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಕಂತು ಯಾವ ವಾರ ಅಂತ ಬರೆಸಿ. ತಲೆಯಲ್ಲಿ ಗಿರಗಿರ ತಿರುಗ್ತಿದ್ದ ಸಾಲ ಹಾಳೆ ಮೇಲೆ ಬಂದಾಗ ಅದಕ್ಕೊಂದು ಕೊನೆ ಕಾಣುತ್ತೆ. ಉಚಿತ ಕಾನೂನು ನೆರವಿಗೆ 15100, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರೋ ಕಾನೂನು ಸೇವಾ ಸಮಿತಿ.

ಮನೆಯೊಳಗಿನ ಹಿಂಸೆ ಬಗ್ಗೆ ಎದುರಿಗೆ ಅತ್ತೆ, ಗಂಡ, ಮಕ್ಕಳು ಇದ್ದಾಗ ಕೇಳಲೇಬೇಡಿ. ಬಿಪಿ ನೋಡೋ ನೆಪದಲ್ಲಿ ಒಬ್ಬರನ್ನೇ ಕರೆದು ಕೇಳಿ. ಕೈಗೆ ಕರಪತ್ರ ಕೊಡಬೇಡಿ, ಅದು ಮನೆಯಲ್ಲಿ ಸಿಕ್ಕಿಬಿದ್ರೆ ಅವತ್ತು ರಾತ್ರಿಯೇ ಅಪಾಯ. ಮಹಿಳಾ ಸಹಾಯವಾಣಿಯ 181 ಅನ್ನೋ ಮೂರು ಅಂಕಿ ಬಾಯಿಪಾಠ ಮಾಡಿಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ನೊಂದ ಹೆಂಗಸರಿಗೆ ನೆರವಾಗೋ ಸಾಂತ್ವನ ಕೇಂದ್ರ, ಸಖಿ ಕೇಂದ್ರ ಎಲ್ಲಿದೆ ಅಂತ ತರಬೇತಿಗೆ ಮುಂಚೆ ನೀವೇ ಹೋಗಿ ನೋಡಿಬನ್ನಿ, ಬಾಗಿಲು ಎಷ್ಟು ಹೊತ್ತಿಗೆ ತೆಗೀತಾರೆ ಅನ್ನೋದೂ ಸೇರಿ. ದಿನಾ ಪೆಟ್ಟು ತಿನ್ನೋರಿಗೆ ‘ಸಕಾರಾತ್ಮಕವಾಗಿ ಯೋಚಿಸಿ’ ಅನ್ನೋದು ಕ್ರೌರ್ಯ.

ನೀಲಿಚೀಟಿ:

ವೈದ್ಯಕೀಯ ಕಡೆಯಿಂದ ಒಂದಿಷ್ಟು. ಖಿನ್ನತೆಯ ಹಾಗೇ ಕಾಣುವ, ಅಥವಾ ಅದನ್ನು ಹೆಚ್ಚಿಸುವ ಮೈಯ ತೊಂದರೆಗಳನ್ನು ಮೊದಲು ನೋಡಿಸಬೇಕು. ಮೂರು ರಕ್ತಪರೀಕ್ಷೆ ಮುಖ್ಯ: ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ವಿಟಮಿನ್ ಬಿ12. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ, ಅದರ ಸುಸ್ತನ್ನೂ ಖಿನ್ನತೆಯ ಸುಸ್ತನ್ನೂ ಬರೀ ಕಣ್ಣಿಂದ ಬೇರೆ ಮಾಡಲಾಗದು. ಬಿ12 ಕೊರತೆ ಶುದ್ಧ ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಹೆಚ್ಚು. ಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಮರೆವು ಜೊತೆಗಿದ್ದರೆ ತಡ ಮಾಡಬೇಡಿ. ವಿಟಮಿನ್ ಡಿ ಬಗ್ಗೆ ದೊಡ್ಡ ಭರವಸೆ ಇಡಬೇಡಿ. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಜನರಿಗೆ ಸುಮಾರು ಐದು ವರ್ಷ ಕೊಟ್ಟು ನೋಡಿದರು, ಖಿನ್ನತೆ ಬರುವುದು ತಪ್ಪಲಿಲ್ಲ.

ಊಟದ ವಿಚಾರದಲ್ಲಿ 2017ರ ಒಂದು ಆಸ್ಟ್ರೇಲಿಯಾದ ಪ್ರಯೋಗವಿದೆ: 67 ಜನ, 12 ವಾರ. ಇಡೀ ಧಾನ್ಯ, ಕಾಳು, ತರಕಾರಿ, ಬೀಜ, ಮೀನು ಹೆಚ್ಚಿಸಿ, ಸಿಹಿ, ಮೈದಾ, ಕರಿದದ್ದು ಇಳಿಸಿದವರಲ್ಲಿ 32% ಜನ ಖಿನ್ನತೆಯಿಂದ ಹೊರಬಂದರು, ಬರೀ ಒಡನಾಟ ಸಿಕ್ಕವರಲ್ಲಿ 8%. ಸಣ್ಣ ಅಧ್ಯಯನ, ಹೆಚ್ಚು ಹಿಗ್ಗಿಸಬಾರದು. ಆದರೆ ಮುದ್ದೆ, ಬಸ್ಸಾರು, ಮೊಳಕೆಕಾಳಿನ ಊಟ ಆ ಪಟ್ಟಿಗೆ ಹತ್ತಿರವೇ ಇದೆ. ಖಿನ್ನತೆ ಇರುವ ಹೆಂಗಸರು ಮನೆಯವರಿಗೆಲ್ಲ ಬಡಿಸಿ ತಾವು ಕಾಫಿ, ಬಿಸ್ಕತ್ತಿನಲ್ಲಿ ದಿನ ಕಳೆಯುತ್ತಾರೆ. ಏನು ತಿನ್ನಬೇಕು ಅನ್ನುವುದಕ್ಕಿಂತ ಮೊದಲು, ಮೂರು ಹೊತ್ತು ಯಾರಾದರೊಬ್ಬರ ಜೊತೆ ಕೂತು ತಿನ್ನುವುದನ್ನು ಗಟ್ಟಿ ಮಾಡಿ.

ಕುಡಿತ: ‘ಬೇಜಾರಿಗೆ ಕುಡೀತಾರೆ’ ಅನ್ನುವುದು ಅರ್ಧ ಸತ್ಯ. ಮದ್ಯವೇ ಮನಸ್ಸನ್ನು ಕೆಳಗೆ ಎಳೆಯುತ್ತದೆ, ನಿದ್ದೆಯನ್ನು ನಡುರಾತ್ರಿ ಒಡೆಯುತ್ತದೆ. ಬಿಟ್ಟ ಮೂರು ನಾಲ್ಕು ವಾರದಲ್ಲಿ ಬಹಳ ಜನರ ಬೇಜಾರು ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಖಿನ್ನತೆಗೆ ಬೇರೆಯಾಗಿ ಚಿಕಿತ್ಸೆ ಬೇಕು. ಆದರೆ ದಿನಾ ಬೆಳಗ್ಗೆಯೇ ಕುಡಿಯುವವರನ್ನು ದೇವರ ಮುಂದೆ ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ. ಆರು ಗಂಟೆಯ ನಂತರ ನಡುಕ, ಬೆವರು, ಮೊದಲೆರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಗೊಂದಲ. ಇದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ, ಥಯಮಿನ್ (ವಿಟಮಿನ್ ಬಿ1) ಮತ್ತು ಬೇರೆ ಔಷಧಿ ಜೊತೆಗೇ ಬಿಡಿಸಬೇಕು.

ಮಾವಿನತೋಪು:

ಯೋಗ, ಧ್ಯಾನ ಶುರು ಮಾಡಿದ್ರೆ ಮಾತ್ರೆ ಬಿಡಬಹುದು ಅಂತ ಕೆಲವರು ಹೇಳ್ತಾರಲ್ಲ, ಅದಕ್ಕೆ ಏನು ಉತ್ತರ ಕೊಡಬೇಕು?

ನೀಲಿಚೀಟಿ:

ಯೋಗ ಮಾಡಲಿ, ಒಳ್ಳೆಯದೇ. ಮಾತ್ರೆ ಬಿಡಬಾರದು. ಖಿನ್ನತೆಯ ಔಷಧಿ ಕೆಲಸ ಶುರು ಮಾಡಲು 2ರಿಂದ 4 ವಾರ ಬೇಕು, ಆದರೆ ವಾಕರಿಕೆ, ಹೊಟ್ಟೆ ತೊಳಸುವುದು ಮೊದಲ ವಾರವೇ ಬರುತ್ತದೆ. ‘ಗುಣ ಇಲ್ಲ, ತೊಂದರೆ ಮಾತ್ರ’ ಎಂದು ಬಿಡುವುದು ಆ ನಡುವಿನ ದಿನಗಳಲ್ಲೇ. ಆಶಾ ಅಕ್ಕಂದಿರು ಒಂದು ಸಲ ಮಾತ್ರ ಮನೆಗೆ ಹೋಗಬಹುದಾದರೆ, ಔಷಧಿ ಶುರುವಾದ ಐದನೇ ಅಥವಾ ಆರನೇ ದಿನ ಹೋಗಲಿ. ಚೆನ್ನಾಗಿ ಆದ ಮೇಲೂ, ಮೊದಲ ಸಲ ಖಿನ್ನತೆ ಬಂದವರು ಕನಿಷ್ಠ ಆರು ತಿಂಗಳಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಪಿಎಚ್‌ಕ್ಯೂ–9ರಲ್ಲಿ 15 ದಾಟಿದವರಿಗೆ ದಿನಚರಿಯ ಬದಲಾವಣೆಯನ್ನು ಔಷಧಿಯ ಬದಲಿಗೆ ಎಂದೂ ಹೇಳಬೇಡಿ, ಜೊತೆಗೆ ಎಂದೇ ಹೇಳಿ.

ಹಳೇಬೇರು:

ಕಳಿಸೋದರ ಬಗ್ಗೆ ಒಂದು ಕೊನೇ ಮಾತು, ಹೊಂಗೆ ನೆರಳು ಅವರೇ. ‘ಆಸ್ಪತ್ರೆಗೆ ಹೋಗಿ’ ಅಂತ ಬರೆದ ಚೀಟಿ ಹಿಡಿದು ಹೋಗೋಕೆ ಖಿನ್ನತೆ ಇರೋರಿಗೆ ಆಗಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನ ನಿಮ್ಹಾನ್ಸ್ ನಡೆಸಿದಾಗ, ಖಿನ್ನತೆ ಇದ್ದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಅನ್ನೋದನ್ನ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಚೀಟಿಯಲ್ಲಿ ತಾರೀಖು ಬರೀರಿ. ಎಷ್ಟು ಗಂಟೆ ಬಸ್ಸು, ಒಳಗೆ ಹೋದ ಮೇಲೆ ಯಾವ ಕೊಠಡಿ, ಜೊತೆಗೆ ಯಾರು ಹೋಗ್ತಾರೆ, ಆ ಹೊತ್ತು ಮಗುವನ್ನ ಯಾರು ನೋಡ್ಕೋತಾರೆ, ಈ ನಾಲ್ಕೂ ಅದೇ ಚೀಟಿಯಲ್ಲಿ ಇರಲಿ. ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿ.